ಸೊಟ್ಟ ಮರಗಳ ಕಂಪನಿಯ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷ ಮಹೋದಯರೇ,

ಮರದ ಹೊಟ್ಟಿನಿಂದ ಜಗತ್ತನ್ನು ಉಳಿಸುವ ಕೆಲಸದಲ್ಲಿ ಮುಳುಗಿರುವ ತಮ್ಮ ಸಮಯವನ್ನು ಕಸಿಯುತ್ತಿರುವುದಕ್ಕೆ ಮೊದಲಿಗೇ ಕ್ಷಮೆ ಬೇಡಿ, ತಾವೂ ತಮ್ಮ ನಿರ್ದೇಶಕ ಮಂಡಳಿಯೂ ತಮ್ಮ ಕಾರ್ಖಾನೆಯ ಎತ್ತರದ ಚಿಮಣಿಯೂ ಕ್ಷೇಮದಿಂದಿರುವಿರೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ತಮ್ಮ ಜೈವಿಕ ಇಂಧನ ಕಂಪನಿಯಲ್ಲಿ ನನಗೂ ಪಾಲಿದೆ. ಕಂಪನಿಯನ್ನು ಎಲ್ಲ ಒಡೆಯರಿಗೂ ನ್ಯಾಯವಾಗಿ ಹಂಚಿದರೆ, ತಮ್ಮ ಸಭಾಂಗಣದ ಒಂದು ಕುರ್ಚಿಯ ಒಂದು ಕಾಲಿಗೆ ಹಾಕಿರುವ ರಬ್ಬರ್ ಬಿರಡೆ ನನ್ನ ಪಾಲಿಗೆ ಬಂದೀತು. ಆದರೂ 'ನಮ್ಮ ಒಡೆಯರಲ್ಲಿ ಒಬ್ಬರಾದ ತಮಗೆ' ಎಂದು ತಾವೇ ಪ್ರತಿವರ್ಷ ಪ್ರೀತಿಯಿಂದ ಸಂಬೋಧಿಸುವುದರಿಂದ, ಆ ಬಿರಡೆಯ ಬಲದ ಮೇಲೆ ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮನ್ನೆಲ್ಲ ತಮ್ಮ ಬಳಿಗೆ ಕರೆತಂದವರು ನನ್ನ ಭಾವ, ಅಂದರೆ ಅಕ್ಕನ ಯಜಮಾನರು. ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದವರು. ಜೀವಮಾನವಿಡೀ ನಕಾಶೆಗಳಲ್ಲಿ ಸಮುದ್ರಕ್ಕೆ ನೀಲಿ ಬಳಿಯುವುದನ್ನು ಮಕ್ಕಳಿಗೆ ಕಲಿಸಿದ ಮನುಷ್ಯನಿಗೆ, ಆ ನೀಲಿ ದಡ ದಾಟಿ ಒಳಗೆ ಬರುತ್ತಿದೆ ಎಂಬ ಸುದ್ದಿ ಓದಿದಾಗಿನಿಂದ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿ ಕೊಂಚ ಬಾಗಿದ್ದರೂ, ತಮ್ಮ ಕಂಪನಿಯ ಹೆಸರೆತ್ತಿದರೆ ನೆಟ್ಟಗಾಗುತ್ತಿದ್ದರು. ನಿವೃತ್ತಿಯ ಹಣದಲ್ಲಿ ದೊಡ್ಡ ಭಾಗವನ್ನೇ ತಮಗೊಪ್ಪಿಸಿ ಬಂದ ದಿನ ಅಕ್ಕ ಸಿಡುಕಿದ್ದಕ್ಕೆ ಅವರು, "ಕಲ್ಲಿದ್ದಲು ಸುಡೋ ಜಾಗದಲ್ಲಿ ಗರಗಸದ ಹೊಟ್ಟು ಸುಟ್ರೆ ಅಷ್ಟಾದ್ರೂ ಒಳ್ಳೇದಲ್ವೇನೇ? ನಾವು ಹೋದ ಮೇಲೂ ಭೂಮಿ ಇರಬೇಕಲ್ಲ," ಎಂದಿದ್ದರು. ಲಾಭದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಇಂಥ ಪಾಲುದಾರರು ತಮಗೆ ಎಷ್ಟು ಮಂದಿ ಇದ್ದಾರೋ ತಿಳಿಯದು. ಇದ್ದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕಾಗಿತ್ತು.

ಭಾವನ ಮಾತು ಕೇಳಿ ನಾನೂ ಸೇರಿದೆ, ನನ್ನ ಪಕ್ಕದ ಮಳಿಗೆಯ ಬೇಕರಿಯಾಕೆಯೂ ಸೇರಿದಳು, ಭಾವನ ಹಳೆಯ ಸ್ನೇಹಿತರಾದ ಔಷಧಿ ಅಂಗಡಿಯವರೂ ಸೇರಿದರು. ಈ ಔಷಧಿ ಅಂಗಡಿಯವರು ಪ್ರತಿ ಮಾತನ್ನೂ 'ಆದ್ರೆ' ಎಂದೇ ಶುರುಮಾಡುವುದರಿಂದ ಬೀದಿಯಲ್ಲೆಲ್ಲ ಅವರಿಗೆ 'ಆದ್ರೆಯವರು' ಎಂದೇ ಹೆಸರು. ಭಾನುವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ, ಅಕ್ಷರಗಳು ಕೆಳಗಿಳಿದಂತೆ ಚಿಕ್ಕದಾಗುವ ನನ್ನ ಕಣ್ಣು ಪರೀಕ್ಷೆಯ ಫಲಕದ ಕೆಳಗೆ, ಗಿರಾಕಿಗಳಿಗೆಂದು ಹಾಕಿದ ಎರಡು ಬೆಂಚುಗಳ ಮೇಲೆ ಎದುರುಬದುರಾಗಿ ಕುಳಿತು ನಾವು ತಮ್ಮ ಭವಿಷ್ಯವನ್ನು ಚರ್ಚಿಸುತ್ತಿದ್ದೆವು. ತಮ್ಮ ನಿರ್ದೇಶಕ ಮಂಡಳಿಯಲ್ಲಿ ಇಷ್ಟು ಕಾವಿನ ಚರ್ಚೆ ನಡೆಯುತ್ತದೆಯೋ ಇಲ್ಲವೋ ನನಗೆ ಅನುಮಾನ.

"ಆದ್ರೆ ಮೇಷ್ಟ್ರೇ, ಮರ ಸುಟ್ರೂ ಹೊಗೆ ಬರುತ್ತಲ್ಲ?" ಎಂದು ಆದ್ರೆಯವರು ಕೇಳುವರು.

"ಬರುತ್ತೆ. ಇನ್ನೊಂದು ಮರ ಬೆಳೆದು ಅದನ್ನ ಹೀರ್ಕೊಳ್ಳುತ್ತೆ. ಅದಕ್ಕೇ ಲೆಕ್ಕದಲ್ಲಿ ಸೊನ್ನೆ ಅಂತ ಬರೀತಾರೆ."

"ಆದ್ರೆ ಆ ಮರ ಬೆಳೆಯೋ ತನಕ ಹೊಗೆ ಎಲ್ಲಿ ಕೂತಿರುತ್ತೆ?"

"ಅದು ಮರ ಕಡಿದ್ರೆ ಬರೋ ಪ್ರಶ್ನೆ. ಇವರು ಸುಡೋದು ಬರೀ ತ್ಯಾಜ್ಯ ಕಣಯ್ಯ. ಹೊಟ್ಟು, ಚೂರು, ಒಣಗಿದ ಕೊಂಬೆ."

"ನಿಮ್ಮ ಹೊಗೆ ಪುರಾಣ ಆಮೇಲೆ," ಎಂದು ಮಧ್ಯೆ ಬೇಕರಿಯಾಕೆ ಬಾಯಿ ಹಾಕುವಳು. "ಸರ್ಕಾರದ ಸಹಾಯಧನ ನಿಂತ್ರೆ ಕಂಪನಿ ನಿಲ್ಲುತ್ತಾ, ಬೀಳುತ್ತಾ? ಅಷ್ಟು ಹೇಳಿ, ನನಗೆ ಒಲೆ ಆರಿಸೋಕೆ ಹೋಗ್ಬೇಕು."

ಈ ಸೊನ್ನೆಯ ಲೆಕ್ಕ ನನ್ನನ್ನು ಎಷ್ಟು ಮರುಳು ಮಾಡಿತೆಂದರೆ, ಅದನ್ನು ನನ್ನ ಅಂಗಡಿಗೂ ಅಳವಡಿಸಿಕೊಳ್ಳಲು ತಮ್ಮ ಅನುಮತಿ ಕೋರುತ್ತೇನೆ. ಗಿರಾಕಿಯೊಬ್ಬರ ಕನ್ನಡಕವನ್ನು ನಾನು ಕೈಜಾರಿಸಿ ಒಡೆದರೆ, ಮುಂದೆ ಯಾವುದಾದರೂ ಕಾಲದಲ್ಲಿ ಯಾರಾದರೂ ಎಲ್ಲಾದರೂ ಇನ್ನೊಂದು ಕನ್ನಡಕ ತಯಾರಿಸಿಯೇ ತಯಾರಿಸುತ್ತಾರಾದ್ದರಿಂದ, ಅದು ಒಡೆದೇ ಇಲ್ಲವೆಂದು ತಿಳಿಯತಕ್ಕದ್ದು. ಅಲ್ಲಿಯ ತನಕ ಗಿರಾಕಿ ಗೋಡೆ ಹಿಡಿದು ನಡೆಯತಕ್ಕದ್ದು.

ಹೀಗಿರುವಾಗ ಪತ್ರಿಕೆಯೊಂದು, ತಮ್ಮ ಕಾರ್ಖಾನೆಗೆ ಇಡೀ ಮರದ ದಿಮ್ಮಿಗಳೇ ಹೋಗುತ್ತಿವೆ ಎಂದು ಬರೆದುಬಿಟ್ಟಿತು. ಪಾಲಿನ ಬೆಲೆ ಕುಸಿಯಿತು. ತಾವು ಅದನ್ನು ಪಟ್ಟಭದ್ರ ಹಿತಾಸಕ್ತಿಗಳ ಪಿತೂರಿ ಎಂದಿರಿ; ಭಾವನೂ ಶ್ರದ್ಧೆಯಿಂದ ಅದನ್ನೇ ಬೆಂಚಿನ ಮೇಲೆ ಪುನರುಚ್ಚರಿಸಿದರು. ಆಗ ಆದ್ರೆಯವರು, "ಆದ್ರೆ ಮೇಷ್ಟ್ರೇ, ನೀವು ಹೇಳಿದ್ದನ್ನೆಲ್ಲ ಬರ್ಕೊಳ್ಳೋಕೆ ನಾವೇನು ನಿಮ್ಮ ಕ್ಲಾಸಿನ ಮಕ್ಕಳಾ?" ಎಂದುಬಿಟ್ಟರು. ಭಾವ ಎದ್ದು ಕೊಡೆ ತೆಗೆದುಕೊಂಡು ಹೊರಟೇಹೋದರು. ವರ್ಷಾನುಗಟ್ಟಲೆ ಬೆಳಗಿನ ನಡಿಗೆಗೆ ಒಟ್ಟಿಗೆ ಹೋಗುತ್ತಿದ್ದ ಇಬ್ಬರು, ಮಾರನೆಯ ದಿನದಿಂದ ಒಂದೇ ರಸ್ತೆಯ ಆ ಬದಿಗೊಬ್ಬರು ಈ ಬದಿಗೊಬ್ಬರಾಗಿ, ಒಬ್ಬರನ್ನೊಬ್ಬರು ಕಾಣದವರ ಹಾಗೆ ನಡೆದರು. ಭಾವನ ಬೆನ್ನುನೋವಿನ ಮಾತ್ರೆಗಾಗಿ ಅಕ್ಕ ಬಸ್ಸು ಹತ್ತಿ ದೂರದ ಅಂಗಡಿಗೆ ಹೋಗಬೇಕಾಯಿತು. ಆ ಬಸ್ಸಿನ ಹೊಗೆಯನ್ನು ತಮ್ಮ ಖಾತೆಗೆ ಬರೆಯುವುದೋ ಸೊನ್ನೆ ಎನ್ನುವುದೋ ತಾವೇ ತೀರ್ಮಾನಿಸಬೇಕು.

ಇಂಥ ಹೊತ್ತಿನಲ್ಲಿ ತಾವು ದೊಡ್ಡ ಮನಸ್ಸು ಮಾಡಿ, ಅನುಮಾನವಿದ್ದವರು ಬಂದು ಕಣ್ಣಾರೆ ನೋಡಲಿ ಎಂದು ಪಾಲುದಾರರನ್ನು ಕಾರ್ಖಾನೆಗೆ ಆಹ್ವಾನಿಸಿದಿರಿ. ನಮ್ಮಲ್ಲಿ ಹೋದವರು ಭಾವ, ಅಕ್ಕ ಮತ್ತು ನಾನು. ತಾವು ಕಳಿಸಿದ ಬಸ್ಸು ತಂಪಾಗಿತ್ತು, ತಾವು ಕೊಟ್ಟ ಹಸಿರು ಟೋಪಿ ಭಾವನಿಗೆ ಒಪ್ಪುತ್ತಿತ್ತು. ಅವರು ಕಿಟಕಿಯ ಪಕ್ಕ ಕೂತು ಶಾಲಾ ಪ್ರವಾಸಕ್ಕೆ ಹೊರಟ ಮಗುವಿನಷ್ಟು ಸಂಭ್ರಮದಲ್ಲಿದ್ದರು. ಅಲ್ಲಿ ತಮ್ಮ ಸಿಬ್ಬಂದಿ ಹೊಟ್ಟಿನ ರಾಶಿ ತೋರಿಸಿದರು, ಹೊಟ್ಟನ್ನು ಒತ್ತಿ ಬೆರಳಿನ ಗಾತ್ರದ ಉಂಡೆ ಮಾಡುವ ಯಂತ್ರ ತೋರಿಸಿದರು, ಭಾವ ಒಂದೊಂದಕ್ಕೂ ತಲೆದೂಗಿದರು. ಅಷ್ಟರಲ್ಲಿ ಅಕ್ಕ ಶೌಚಾಲಯ ಹುಡುಕಿಕೊಂಡು ಹೋಗಿ ದಾರಿ ತಪ್ಪಿದಳು. ಅವಳನ್ನು ಹುಡುಕುತ್ತಾ ನಾವು ತಗಡಿನ ಬೇಲಿಯ ಆಚೆಗೆ ಹೋದೆವು. ಅಲ್ಲಿ ಅವಳು ತಲೆ ಎತ್ತಿ ನೋಡುತ್ತಾ ನಿಂತಿದ್ದಳು. ಅವಳ ಎದುರಿಗೆ, ಮೂರಂತಸ್ತಿನ ಮನೆಯಷ್ಟು ಎತ್ತರಕ್ಕೆ, ಸಿಪ್ಪೆ ಸಹಿತ, ತಬ್ಬಿದರೆ ಕೈಗೆ ಕೈ ಸಿಗದಂಥ ದಿಮ್ಮಿಗಳನ್ನು ಒಟ್ಟಿದ್ದರು. ಕೆಲವಕ್ಕೆ ಇನ್ನೂ ಎಲೆ ಅಂಟಿಕೊಂಡಿತ್ತು.

ನಮ್ಮ ಹಿಂದೆಯೇ ಓಡಿಬಂದ ತಮ್ಮ ಸಂಪರ್ಕಾಧಿಕಾರಿ ಬಹಳ ವಿನಯದ ಹೆಣ್ಣುಮಗಳು. "ಇದೂ ತ್ಯಾಜ್ಯವೇ ಸಾರ್," ಎಂದಳು.

"ಇದು ಮರ ಅಲ್ವೇನಮ್ಮ?" ಎಂದರು ಭಾವ.

"ಕೆಳದರ್ಜೆಯ ಮರ ಸಾರ್. ಪೀಠೋಪಕರಣಕ್ಕೆ ಬರಲ್ಲ. ನೋಡಿ, ನೆಟ್ಟಗಿಲ್ಲ, ಸೊಟ್ಟಗಿದೆ."

ಸೊಟ್ಟಗಿರುವುದೆಲ್ಲ ತ್ಯಾಜ್ಯ ಎಂಬ ತಮ್ಮ ಈ ಸಂಶೋಧನೆಯ ಆಳಕ್ಕೆ ನಾನು ತಲೆಬಾಗುತ್ತೇನೆ. ನಡು ಬಾಗಿದ ನನ್ನ ಭಾವನನ್ನು ತಾವು ಅಂದು ಒಲೆಗೆ ಹಾಕದೆ ಊಟ ಹಾಕಿ ಮನೆಗೆ ಕಳಿಸಿದ್ದು ತಮ್ಮ ಕರುಣೆಯೆಂದೇ ಭಾವಿಸಿದ್ದೇನೆ. ಅವರು ಆಕೆಯನ್ನು ದಾಟಿ ದಿಮ್ಮಿಗಳ ಹತ್ತಿರ ಹೋದರು. ಒಂದು ದಿಮ್ಮಿಯ ಕೊಯ್ದ ಮುಖದ ಮೇಲೆ ಕೈಯಿಟ್ಟು, ಒಳಗಿನ ಸುತ್ತುಗಳನ್ನು ಎಣಿಸಲು ಹೊರಟು, ಅರ್ಧಕ್ಕೇ ಬಿಟ್ಟರು. ಹಿಂದಿರುಗುವಾಗ ದಾರಿಯುದ್ದಕ್ಕೂ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಗೆ ಮೆತ್ತಿದ ಮರದ ಅಂಟನ್ನು ಇನ್ನೊಂದು ಕೈಯ ಉಗುರಿನಿಂದ ಕೆರೆಯುತ್ತಾ ಕೂತಿದ್ದರು. ಇಷ್ಟು ದಿನದಿಂದ ಜಗಳವಾಡುತ್ತಿದ್ದ ಅಕ್ಕ, ನಾನು ಹೇಳಲಿಲ್ಲವಾ ಎಂಬ ಒಂದು ಮಾತನ್ನೂ ಆಡದೆ, ಕರವಸ್ತ್ರ ಒದ್ದೆ ಮಾಡಿ ಅವರ ಕೈ ಒರೆಸಿದಳು.

ಬಸ್ಸಿಳಿದವರೇ ಭಾವ ನೇರ ಔಷಧಿ ಅಂಗಡಿಗೆ ನಡೆದರು. ಜೊತೆಗೆ ನಾನೂ ಇದ್ದೆ. "ನೀನು ಹೇಳಿದ್ದೇ ಸರಿ ಕಣಯ್ಯ. ನಾನು ಸುಮ್ನೆ ನಿನ್ನ ಮೇಲೆ ಮುನಿಸ್ಕೊಂಡೆ," ಎಂದರು. ಆದ್ರೆಯವರು ಯಾಕೋ ಮಾತ್ರೆಯ ಡಬ್ಬಗಳನ್ನು ಜೋಡಿಸುವ ನೆಪದಲ್ಲಿ ಆ ಕಡೆ ತಿರುಗಿದರು.

"ಆದ್ರೆ ಮೇಷ್ಟ್ರೇ, ನಾನು ಮೊನ್ನೆ ಇನ್ನೊಂದಷ್ಟು ಕೊಂಡ್ಕೊಂಡೆ."

"ಏನು ಕೊಂಡ್ಕೊಂಡೆ?"

"ಅದೇ ಕಂಪನಿದು. ಬೆಲೆ ಬಿದ್ದಿತ್ತಲ್ಲ. ಸಹಾಯಧನ ಮುಂದುವರಿಸ್ತಾರಂತೆ. ಅವರು ಸುಳ್ಳು ಹೇಳ್ತಾರೆ ಅನ್ನೋದು ನಿಜ. ಆದ್ರೆ ಆ ಸುಳ್ಳು ಚೆನ್ನಾಗಿ ಓಡುತ್ತೆ ಅನ್ನೋದೂ ನಿಜ."

ಮಹೋದಯರೇ, ತಮ್ಮ ಕಂಪನಿಯ ಮುನ್ನೋಟವನ್ನು ಇದಕ್ಕಿಂತ ಚೊಕ್ಕವಾಗಿ ಯಾವ ಹಣಕಾಸು ಪಂಡಿತರೂ ಹೇಳಿರಲಾರರು. ಬೇಕಿದ್ದರೆ ತಮ್ಮ ಹೆಬ್ಬಾಗಿಲ ಮೇಲೆ ಕೆತ್ತಿಸಿಕೊಳ್ಳಬಹುದು. ನಂಬಿದ್ದವರು ನಂಬಿಕೆ ಕಳೆದುಕೊಂಡ ವಾರದಲ್ಲೇ, ನಂಬದವರು ತಮ್ಮಲ್ಲಿ ಹಣ ಹೂಡಿದ್ದರು. ಮುಂದಿನ ಭಾನುವಾರ ನನ್ನ ಅಂಗಡಿಯಲ್ಲಿ ಇಬ್ಬರೂ ಬೆಂಚು ಬದಲಾಯಿಸಿ ಕುಳಿತರು.

ಆಮೇಲೆ ವಾರ್ಷಿಕ ಸಭೆ. ತಮಗೆ ನೆನಪಿರಲಿಕ್ಕಿಲ್ಲ, ವೇದಿಕೆಯ ದೀಪದಲ್ಲಿ ಹಿಂದಿನ ಸಾಲು ಕಾಣುವುದಿಲ್ಲ. ಬಾಗಿದ ಮೇಷ್ಟ್ರೊಬ್ಬರು ಎದ್ದು ನಿಂತು, 'ತ್ಯಾಜ್ಯ ಮಾತ್ರ' ಎಂಬ ಮಾತನ್ನು ಕಂಪನಿಯ ಎಲ್ಲ ಪ್ರಚಾರದಿಂದ ತೆಗೆಯಬೇಕು, ದಿಮ್ಮಿಗಳು ಎಲ್ಲಿಂದ ಬರುತ್ತವೆಂದು ಪಾಲುದಾರರಿಗೆ ತಿಳಿಸಬೇಕು ಎಂದು ಗೊತ್ತುವಳಿ ಮಂಡಿಸಿದರು. ತಾವು ಅದನ್ನು ಅತ್ಯುತ್ತಮ ಪ್ರಶ್ನೆ ಎಂದು ಮೆಚ್ಚಿ, ಅನುಮೋದಕರು ಬೇಕಲ್ಲ ಎಂದು ನಕ್ಕಿರಿ. ನಾನು ಏಳಬೇಕೆನ್ನುವಷ್ಟರಲ್ಲಿ ನನ್ನ ಪಕ್ಕದಿಂದ ಆದ್ರೆಯವರು ಎದ್ದರು. ಹೊಸದಾಗಿ ಪಾಲು ಕೊಂಡವರು, ವಿರೋಧಿಸಲು ಎದ್ದರೆಂದುಕೊಂಡೆ.

"ಆದ್ರೆ," ಎಂದರು ಅವರು, ಮೈಕಿಲ್ಲದೆಯೇ ಹಿಂದಿನ ಗೋಡೆಗೆ ಕೇಳುವಷ್ಟು ಜೋರಾಗಿ, "ಮೇಷ್ಟ್ರು ಕೇಳಿದ್ದು ಪ್ರಶ್ನೆ ಅಲ್ಲ, ಗೊತ್ತುವಳಿ. ನಾನು ಅನುಮೋದಿಸ್ತೀನಿ."

ಪರವಾಗಿರುವವರು ಕೈ ಎತ್ತಿ ಎಂದಿರಿ. ಭಾವ ಎತ್ತಿದರು, ಆದ್ರೆಯವರು, ಅಕ್ಕ, ನಾನು, ಬೇಕರಿಯಾಕೆ, ಅಲ್ಲಲ್ಲಿ ಇನ್ನು ಕೆಲವರು. ದೊಡ್ಡ ದೊಡ್ಡ ಸಂಸ್ಥೆಗಳ ಮತಗಳು ಮೊದಲೇ ಬಂದು ಲಕೋಟೆಯಲ್ಲಿ ಮಲಗಿದ್ದವಾದ್ದರಿಂದ ಗೊತ್ತುವಳಿ ಬಿದ್ದುಹೋಯಿತು. ತಾವು ಪ್ರಜಾಪ್ರಭುತ್ವವನ್ನು ಹೊಗಳಿದಿರಿ, ಊಟ ತಯಾರಿದೆ ಎಂದಿರಿ. ಮರುದಿನ ಬೆಳಿಗ್ಗೆ ಇಬ್ಬರೂ ಸ್ನೇಹಿತರು ರಸ್ತೆಯ ಒಂದೇ ಬದಿಯಲ್ಲಿ ನಡೆದರು. ಕಥೆ ಇಲ್ಲಿಗೇ ನಿಂತಿದ್ದರೆ ನಾನು ತಮಗೆ ಈ ತೊಂದರೆ ಕೊಡುತ್ತಿರಲಿಲ್ಲ.

ಆದರೆ ತಮ್ಮ ಹೊಸ ಕಿರುಹೊತ್ತಿಗೆ ಮನೆಮನೆಗೂ ಬಂತು. ಅದರ ನಡುಪುಟದಲ್ಲಿ, ಬಿಳಿ ಕೂದಲು, ಬಾಗಿದ ಭುಜ, ಎತ್ತಿದ ಕೈಯೊಂದಿಗೆ ನನ್ನ ಭಾವ. ಕೆಳಗೆ, 'ಕಂಪನಿಯ ಹಸಿರು ಸಂಕಲ್ಪಕ್ಕೆ ಕೈಯೆತ್ತಿ ಬೆಂಬಲ ಸೂಚಿಸುತ್ತಿರುವ ಹಿರಿಯ ಪಾಲುದಾರರು'. ತಮ್ಮ ಸತ್ಯನಿಷ್ಠೆಗೆ ಎಣೆಯಿಲ್ಲ. ಅವರು ಹಿರಿಯರೆಂಬುದು ನಿಜ, ಕೈ ಎತ್ತಿದ್ದು ನಿಜ, ಬೆಂಬಲ ಸೂಚಿಸಿದ್ದೂ ನಿಜ; ಯಾವುದಕ್ಕೆ ಎಂಬ ಸಣ್ಣ ಸಂಗತಿಯೊಂದೇ ಜಾಗ ಸಾಲದೆ ಬಿಟ್ಟುಹೋಗಿದೆ. ಭಾವ ಅದನ್ನು ನೋಡಿ ನಕ್ಕುಬಿಟ್ಟರು. ನಾವೂ ನಕ್ಕೆವು.

ನಗು ನಿಂತದ್ದು, ಹೊಲಿಗೆ ಅಂಗಡಿಯಾಕೆ ತನ್ನ ಕನ್ನಡಕದ ಕಡ್ಡಿ ಬಿಗಿ ಮಾಡಿಸಲು ಬಂದ ದಿನ. ಅವಳು ಭಾವನ ಹಳೆಯ ವಿದ್ಯಾರ್ಥಿನಿ. ಭಾವ ನನ್ನ ಬೆಂಚಿನ ಮೇಲೆ ಪತ್ರಿಕೆ ಓದುತ್ತಾ ಕುಳಿತಿದ್ದರು. ಅವರನ್ನು ಕಂಡು ಅವಳ ಮುಖ ಅರಳಿತು.

"ಮೇಷ್ಟ್ರೇ, ನಿಮ್ಮ ಫೋಟೋ ನೋಡ್ದೆ. ನಾನೂ ಆ ಕಂಪನಿಗೆ ದುಡ್ಡು ಹಾಕ್ಬಿಟ್ಟೆ. ಅಂಗಡಿಗೆ ಎರಡನೇ ಮಷಿನ್ ತಗೊಳ್ಳೋಣ ಅಂತ ಕೂಡಿಟ್ಟಿದ್ದೆ. ಇರಲಿ, ಮೇಷ್ಟ್ರೇ ಕೈ ಎತ್ತಿದಾರೆ ಅಂದ್ಮೇಲೆ ಇನ್ನೇನು ಯೋಚನೆ ಅಂದ್ಕೊಂಡೆ."

ಭಾವ ಪತ್ರಿಕೆಯನ್ನು ಮಡಚಿದರು, ಮತ್ತೆ ಬಿಡಿಸಿದರು, ಮತ್ತೆ ಮಡಚಿದರು. "ನಾನು ಕೈ ಎತ್ತಿದ್ದು ಅವರನ್ನ ಒಪ್ಪಿ ಅಲ್ಲಮ್ಮ. ಅವರು ಹೇಳ್ತಿರೋದು ಸುಳ್ಳು ಅಂತ ಹೇಳೋಕೆ."

"ಹೌದಾ? ಫೋಟೋದಲ್ಲಿ ನಗ್ತಾ ಇದ್ರಲ್ಲ."

"ಅದು ನಗು ಅಲ್ಲ. ನಿಂತ್ರೆ ಬೆನ್ನು ಹಿಡ್ಕೊಳ್ಳುತ್ತೆ, ಹಲ್ಲು ಕಚ್ಚಿದ್ದೆ."

ಅವಳು ಕನ್ನಡಕವನ್ನು ನನ್ನ ಕೈಗಿಟ್ಟು, "ಹಾಗಾದ್ರೆ ಮಾರ್ಬಿಡ್ಲಾ? ಈಗ ಬೆಲೆ ಏರಿದೆ ಅಂತಾರೆ," ಎಂದಳು.

"ಇಟ್ಕೋ ಅಂತಲೂ ಹೇಳಲ್ಲ, ಮಾರು ಅಂತಲೂ ಹೇಳಲ್ಲ. ನನ್ನ ಮುಖ ನೋಡಿ ಏನೂ ಮಾಡ್ಬೇಡ. ಅಷ್ಟೇ ನಾನು ಹೇಳೋದು."

ತರಗತಿಯಲ್ಲಿ ಯಾವ ಮಗುವಿಗೂ ತನ್ನನ್ನು ನಂಬಬೇಡ ಎಂದು ಹೇಳಿರದ ಮೇಷ್ಟ್ರು, ಅಂದು ಆ ಮಾತು ಹೇಳಿ ಎದ್ದು ಕೈತೊಳೆಯುವ ಜಾಗಕ್ಕೆ ಹೋದರು. ನಲ್ಲಿ ಬಹಳ ಹೊತ್ತು ಹರಿಯಿತು.

ಅವಳು ಅದೇ ವಾರ ಮಾರಿದಳು. ಆದ್ರೆಯವರೂ ಮಾರಿದರು, ಲಾಭದಲ್ಲಿ ಮಾರಿದ ಮನುಷ್ಯ ಅಷ್ಟು ಸಪ್ಪೆ ಮುಖ ಹಾಕಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೇಕರಿಯಾಕೆ ಮಾತ್ರ ಇಟ್ಟುಕೊಂಡಿದ್ದಾಳೆ, ತನಗೆ ತನ್ನ ಒಲೆಯದೇ ಹೊಗೆ ಸಾಕಷ್ಟಿದೆ ಎನ್ನುತ್ತಾಳೆ. ಭಾವ ಒಂದೇ ಒಂದು ಪಾಲು ಉಳಿಸಿಕೊಂಡು ಮಿಕ್ಕಿದ್ದನ್ನು ಮಾರಿದರು. ಆ ಒಂದರ ಹಕ್ಕಿನಿಂದ, ಕಿರುಹೊತ್ತಿಗೆ ಹಿಡಿದು, ಅದು ತಲುಪಿದ ಪರಿಚಯದ ಮನೆಗಳಿಗೆಲ್ಲ ಹೋಗಿ ಬಾಗಿಲು ತಟ್ಟಿ, ಚಿತ್ರದಲ್ಲಿರುವುದು ತಾನೇ, ಬರಹ ಮಾತ್ರ ತನ್ನದಲ್ಲ ಎಂದು ಹೇಳಿಬರುತ್ತಿದ್ದಾರೆ. ಆದ್ರೆಯವರು ಕೊಡೆ ಹಿಡಿದು ಜೊತೆಗೆ ಹೋಗುತ್ತಾರೆ. ಕೆಲವರು ಚಹಾ ಕೊಡುತ್ತಾರೆ, ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ.

ಈ ಕಾರಣದಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಪರಿಹಾರವನ್ನಾಗಲಿ, ತಿದ್ದುಪಡಿಯ ಪ್ರಕಟಣೆಯನ್ನಾಗಲಿ ಕೇಳಿ ತಮಗೆ ಮುಜುಗರ ತರಲಾರೆ. ನಮ್ಮ ಬೀದಿಯಾಚೆ ಬೆಟ್ಟದ ಕಡೆ ಇನ್ನೂ ಬಹಳಷ್ಟು ಮನೆಗಳು ಬಾಕಿ ಇವೆ, ಅಲ್ಲಿಗೆ ಏರು ದಾರಿ, ಭಾವನ ಬೆನ್ನಿಗೆ ಆಗದು. ಆ ಮನೆಗಳಿಗೆ ದಯಮಾಡಿ ತಾವೇ ನಡೆದುಹೋಗಿ, ಬಾಗಿಲು ತಟ್ಟಿ, ಭಾವ ಹೇಳುವ ಅದೇ ಮಾತನ್ನು ಹೇಳಿ ಬರಬೇಕಾಗಿ ಕೋರುತ್ತೇನೆ. ತಾವು ನೆಟ್ಟಗಿದ್ದೀರಿ, ತಮಗೆ ಕಷ್ಟವಾಗದು.

ಮೊದಲು ವಿಶ್ವಾಸವಿಟ್ಟು, ಆಮೇಲೆ ಕನ್ನಡಕ ಹಾಕಿಕೊಂಡ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವಳು

ಮರೆತ ಮಾತು: ಈ ಪತ್ರದಲ್ಲಿ ತಮ್ಮ ಸತ್ಯನಿಷ್ಠೆ, ಕರುಣೆ ಮತ್ತು ದೊಡ್ಡ ಮನಸ್ಸಿನ ಬಗ್ಗೆ ನಾನು ಬರೆದಿರುವ ವಾಕ್ಯಗಳನ್ನಷ್ಟೇ ಕತ್ತರಿಸಿ ಮುಂದಿನ ಕಿರುಹೊತ್ತಿಗೆಯಲ್ಲಿ ಅಚ್ಚು ಹಾಕುವ ಆಲೋಚನೆ ತಮ್ಮ ಸಿಬ್ಬಂದಿಗೆ ಬಂದೇ ಬರುತ್ತದೆಂದು ಬಲ್ಲೆ, ಅವರ ಶ್ರಮ ತಪ್ಪಿಸಲೆಂದು ಪತ್ರವನ್ನು ಪೂರ್ತಿಯಾಗಿ ಪತ್ರಿಕೆಯವರಿಗೆ ಮೊದಲೇ ಕೊಟ್ಟಿದ್ದೇನೆ. ನನ್ನ ಫೋಟೋ ಮಾತ್ರ ಯಾರಿಗೂ ಕೊಟ್ಟಿಲ್ಲ.