ಗುರುಪ್ರಸಾದರ ಮನೆಯ ಹಗಲುದರೋಡೆ

ಮೇಲಿನ ಮನೆಯ ಹಾಲಪ್ಪನವರ ಬಾಲ್ಕನಿಯಿಂದ ನೀಲಿ ಟಾರ್ಪಾಲೊಂದು ಇಳಿಬಿದ್ದ ದಿನದಿಂದ ಗುರುಪ್ರಸಾದರ ಮನೆಯಲ್ಲಿ ಮಧ್ಯಾಹ್ನಕ್ಕೂ ಮುಸ್ಸಂಜೆಗೂ ವ್ಯತ್ಯಾಸವೇ ಉಳಿಯಲಿಲ್ಲ. ಇದ್ದ ಒಂದೇ ದೊಡ್ಡ ಕಿಟಕಿ ಮುಚ್ಚಿಹೋಗಿ, ಹಾಲ್ ಎಂಬುದು ಮೀನಿಲ್ಲದ ಅಕ್ವೇರಿಯಂ ಆಗಿಬಿಟ್ಟಿತ್ತು.

ಗುರುಪ್ರಸಾದ್ ಕಾಸರಗೋಡಿನವರು. ತಿರುವನಂತಪುರದಲ್ಲಿ ಸರಕಾರಿ ಕೆಲಸ, ಅಲ್ಲೇ ಪಟ್ಟಂ ಬಡಾವಣೆಯ ಫ್ಲ್ಯಾಟಿನಲ್ಲಿ ಅಮ್ಮ, ಹೆಂಡತಿಯೊಂದಿಗೆ ವಾಸ. ಕಚೇರಿಯಲ್ಲಿ ಎಂಥವರಿಗೂ ಖಾರವಾದ ನೋಟೀಸು ಬರೆಯಬಲ್ಲ ಈ ಮನುಷ್ಯನಿಗೆ ಎದುರಿಗೆ ನಿಂತು ಯಾರಿಗಾದರೂ ಒಂದು ಮಾತು ಹೇಳಬೇಕೆಂದರೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಹಾಗಾಗಿ ಟಾರ್ಪಾಲಿನ ವಿಷಯ ನಾಳೆ ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು.

ಆದರೆ ಅಮ್ಮ ಶಂಕರಿ ಬಿಡುವವರಲ್ಲ. ಅವರು ನಿವೃತ್ತ ಇಂಗ್ಲಿಷ್ ಟೀಚರು. ಕಣ್ಣಿನ ಆಪರೇಷನ್ ಆದ ಮೇಲೆ ಟ್ಯೂಬ್‌ಲೈಟು ಚುಚ್ಚುತ್ತದೆಂದು ಕಿಟಕಿಯ ಬಳಿ ಕೂತು ಪೇಪರು ಓದುವುದೊಂದೇ ಅವರ ಸುಖವಾಗಿತ್ತು. ಈಗ ಅದೂ ಇಲ್ಲ. ಆ ಬೆಳಿಗ್ಗೆ ಗುರುಪ್ರಸಾದ್, ಬಿಸಿಲು ಬರುವುದಿಲ್ಲ ಎಂದು ಹಾಲಪ್ಪನವರಿಗೆ ತಿಳಿಸುತ್ತೇನೆ ಅಂದಾಗ ಅಮ್ಮ ತಿದ್ದಿದರು.

"ಬಿಸಿಲು ಯಾರಿಗೆ ಬೇಕು ಮಾರಾಯ? ಆ ಕಿಟಕಿಗೆ ಬಿಸಿಲು ಬಂದದ್ದೇ ಇಲ್ಲ. ಸನ್‌ಲೈಟ್ ಬೇರೆ, ಡೇಲೈಟ್ ಬೇರೆ. ನನಗೆ ಬೇಕಾದದ್ದು ಹಗಲಿನ ಬೆಳಕು. ಹೇಳುವುದಾದ್ರೆ ಸರಿಯಾಗಿ ಹೇಳು."

ಎದುರಿಗೆ ಹೇಳುವ ಧೈರ್ಯವಿಲ್ಲದ ಗುರುಪ್ರಸಾದ್ ಫ್ಲ್ಯಾಟಿನವರ ವಾಟ್ಸಾಪ್ ಗುಂಪನ್ನು ತೆರೆದರು. ಯಾರ ಹೆಸರೂ ಬರಬಾರದು, ಯಾರಿಗೂ ನೋವಾಗಬಾರದು, ಸ್ವಲ್ಪ ತಮಾಷೆಯಾಗಿಯೂ ಇರಬೇಕು. ಬಹಳ ಯೋಚಿಸಿ, 'ಡೇಲೈಟ್ ರಾಬರಿ ಇನ್ ಮೈ ಫ್ಲ್ಯಾಟ್' ಎಂದು ಬರೆದು ಕಳಿಸಿದರು. ಬೆಳಕನ್ನೇ ದೋಚಿದ್ದಾರೆ, ಅರ್ಥ ಮಾಡಿಕೊಳ್ಳುವವರು ಮಾಡಿಕೊಳ್ಳಲಿ! ತಮ್ಮ ಜಾಣತನಕ್ಕೆ ತಾವೇ ನಕ್ಕು ಸ್ನಾನಕ್ಕೆ ಹೋದರು.

ಅವರು ತಲೆಗೆ ಸೋಪು ಹಚ್ಚುವಷ್ಟರಲ್ಲಿ ಬಾಗಿಲ ಮುಂದೆ ಅರ್ಧ ಫ್ಲ್ಯಾಟೇ ಸೇರಿತ್ತು. ಎಲ್ಲರಿಗೂ ಮುಂದೆ ಅಸೋಸಿಯೇಷನ್ ಕಾರ್ಯದರ್ಶಿ ಸುಮಯ್ಯಾ. ಹಾಡಹಗಲೇ ನುಗ್ಗಿದ ಕಳ್ಳರು ಏನನ್ನು ಒಯ್ದರು ಎಂದು ಅವರು ಮಲಯಾಳದಲ್ಲಿ ಕೇಳಿದರು. ಮಗ ಕೊನೆಗೂ ವಿಷಯ ತಿಳಿಸಿದ್ದಾನೆಂದು ಸಂತೋಷಪಟ್ಟ ಅಮ್ಮ, ಬೆಳಕು ಹೋಯಿತು ಎಂದು ಅದೇ ಭಾಷೆಯಲ್ಲಿ ಉತ್ತರಿಸಿದರು. ಕಳ್ಳರು ಕರೆಂಟು ಕಡಿದು ಒಳಗೆ ಬಂದಿದ್ದಾರೆ ಎಂದು ಜನ ತೀರ್ಮಾನಿಸಿದರು. ಯಾರೋ ಒಬ್ಬ ಉಪಕಾರಿ ಮೇನ್ ಸ್ವಿಚ್ಚನ್ನು ಮೇಲೆ ಕೆಳಗೆ ಆಡಿಸಿ, ಇದ್ದ ಕರೆಂಟನ್ನೂ ತೆಗೆದ.

ಬಚ್ಚಲಿನಲ್ಲಿ ಕತ್ತಲಾಯಿತು. ಕಣ್ಣಿಗೆ ಸೋಪು ಹೋಗಿ, ಗೋಡೆ ತಡವುತ್ತ ಟವೆಲ್ಲು ಸುತ್ತಿಕೊಂಡು ಗುರುಪ್ರಸಾದ್ ಹೊರಗೆ ಬಂದರೆ ಇಪ್ಪತ್ತು ಮುಖಗಳು ಕನಿಕರದಿಂದ ನೋಡುತ್ತಿವೆ. ಕಣ್ಣು ಕೆಂಪಗೆ, ತಲೆಯ ತುಂಬ ನೊರೆ. ಕಳ್ಳರು ಪಾಪ ಏನೇನು ಮಾಡಿದರೋ ಎಂದು ಒಬ್ಬಾಕೆ ಕಣ್ಣೊರೆಸಿಕೊಂಡರು. ಹಾಲಪ್ಪನವರಂತೂ ಓಡಿ ಬಂದು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಅವರು ಬಳ್ಳಾರಿ ಕಡೆಯಿಂದ ವರ್ಗವಾಗಿ ಬಂದ ವಿಜ್ಞಾನಿ, ದೊಡ್ಡ ದೇಹ, ಅದಕ್ಕಿಂತ ದೊಡ್ಡ ಮನಸ್ಸು.

"ಅಂಜಬ್ಯಾಡ್ರಿ. ನಾವೆಲ್ಲಾ ಅದೀವಿ," ಎಂದು ತಾವೇ ಮನೆಯಿಂದ ತಂದ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು.

ಅವರ ಚಹಾ ಕುಡಿಯುತ್ತ ಅವರ ಟಾರ್ಪಾಲಿನ ಮೇಲೆ ದೂರು ಹೇಳುವುದು ಹೇಗೆ? ಗುರುಪ್ರಸಾದ್ ಬಾಯಿ ತೆರೆದು ಮುಚ್ಚುತ್ತಿರುವಾಗಲೇ ಸುಮಯ್ಯಾ ಕರೆಸಿದ್ದ ಸಬ್ ಇನ್‌ಸ್ಪೆಕ್ಟರು ಒಳಗೆ ಬಂದರು.

ಏನು ಕಳುವಾಗಿದೆ ಎಂದು ಅವರು ಕೇಳಿದರು. ಡೇಲೈಟ್ ಎಂದರು ಗುರುಪ್ರಸಾದ್. ಹಗಲಲ್ಲಿ ಎಂಬುದು ಗೊತ್ತು, ಏನು ಕಳುವಾಗಿದೆ ಎಂದು ಮತ್ತೆ ಕೇಳಿದರು. ಅದೇ ಸಾರ್, ಡೇಲೈಟ್. ಯಾವಾಗ? ದಿನಾ, ಬೆಳಿಗ್ಗೆಯಿಂದ ಸಂಜೆಯವರೆಗೆ. ಯಾರ ಮೇಲಾದರೂ ಅನುಮಾನ ಇದೆಯೇ? ಗುರುಪ್ರಸಾದ್ ಹಾಲಪ್ಪನವರ ಮುಖ ನೋಡಿದರು. ಹಾಲಪ್ಪನವರು ಧೈರ್ಯವಾಗಿ ಹೇಳಿ ಎಂಬಂತೆ ತಲೆಯಾಡಿಸಿದರು. ಸುಳ್ಳು ದೂರಿಗೆ ಯಾವ ಕಾನೂನಿನಲ್ಲಿ ಏನು ಶಿಕ್ಷೆ ಎಂಬುದನ್ನು ಸ್ವತಃ ಬಲ್ಲ ಗುರುಪ್ರಸಾದರ ಬೆನ್ನಿನ ಮೇಲೆ ಸೋಪಿನ ನೀರೋ ಬೆವರೋ ಇಳಿಯತೊಡಗಿತು.

ಆಗ ಅಮ್ಮ ಎದ್ದು ನಿಂತರು. ನಲವತ್ತು ಮಕ್ಕಳ ತರಗತಿಯನ್ನು ಸುಮ್ಮನಾಗಿಸುತ್ತಿದ್ದ ದನಿಯಲ್ಲಿ ಅವರು ಇನ್‌ಸ್ಪೆಕ್ಟರಿಗೆ ಪಾಠ ಮಾಡಿದರು. ನಡುಹಗಲಲ್ಲಿ ಕಳ್ಳ ಬಂದರೆ ಅದು ಇನ್ ಬ್ರಾಡ್ ಡೇಲೈಟ್. ಅಂಗಡಿಯವನು ವಿಪರೀತ ಬೆಲೆ ಹೇಳಿದರೆ ಅದು ಡೇಲೈಟ್ ರಾಬರಿ. ತನ್ನ ಮಗ ಬರೆದದ್ದು ಎರಡೂ ಅಲ್ಲ, ಬರೀ ತಪ್ಪು ಇಂಗ್ಲಿಷು. ಇಲ್ಲಿ ಕಳ್ಳನೂ ಇಲ್ಲ, ಕಳವೂ ಇಲ್ಲ. ಹಗಲಿನ ಬೆಳಕು ಬಾರದಂತೆ ಕಟ್ಟಿದ ಆ ನೀಲಿ ಟಾರ್ಪಾಲು ಮಾತ್ರ ಇದೆ.

ಎಲ್ಲರೂ ಕಿಟಕಿಯತ್ತ ನೋಡಿದರು, ಆಮೇಲೆ ಹಾಲಪ್ಪನವರತ್ತ. ಅವರ ಮುಖ ಸುಟ್ಟ ಬದನೆಕಾಯಿಯಂತಾಯಿತು. ನೇರ ಮೇಲೆ ಹೋಗಿ ಹಗ್ಗ ಬಿಚ್ಚಿದರು. ಟಾರ್ಪಾಲು ಜಾರಿ ಕೆಳಗೆ ಬಿತ್ತು, ಹಾಲ್‌ಗೆ ಒಮ್ಮೆಗೇ ಬೆಳಕು ನುಗ್ಗಿತು. ಅಮ್ಮ ಪೇಪರು ಬಿಡಿಸಿ ಕೂತರು. ಇನ್‌ಸ್ಪೆಕ್ಟರು ಗುರುಪ್ರಸಾದರಿಗೆ, ಇನ್ನು ಮುಂದೆ ತಾಯಿಯನ್ನು ಕೇಳಿ ಇಂಗ್ಲಿಷ್ ಬರೆಯಬೇಕೆಂದು ತಾಕೀತು ಮಾಡಿ ಹೊರಟರು. ಜನ ಕರಗಿದರು. ಗುರುಪ್ರಸಾದರಿಗೆ ಹೋದ ಜೀವ ಬಂದಂತಾಯಿತು. ಜಗಳವಿಲ್ಲದೆ ಕೆಲಸ ಆಗಿತ್ತು.

ಹಾಲಪ್ಪನವರು ಮಾತ್ರ ಫ್ಲಾಸ್ಕು ಒಯ್ಯಲು ಬಂದವರು ಬಾಗಿಲ ಬಳಿ ತಡೆದು ನಿಂತರು.

"ತಪ್ಪು ತಿಳೀಬ್ಯಾಡ್ರಿ. ಆ ಟಾರ್ಪಾಲ್ ನಂದಲ್ಲ. ನಿಮ್ಮ ಮನಿಯವ್ರೇ ತಂದುಕೊಟ್ಟು ಕಟ್ರಿ ಅಂದಿದ್ರು. ಪೊಲೀಸರ ಮುಂದ ಹೆಣ್ಮಗಳ ಹೆಸರು ಯಾಕ ಹೇಳೂದಂತ ಸುಮ್ಮನಾದೆ."

ಗುರುಪ್ರಸಾದರ ಹೆಂಡತಿ ಹಂಸಾ ಕೊಚ್ಚಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ತಿಂಗಳಲ್ಲಿ ಒಂದು ವಾರ ಅಲ್ಲೇ ಹತ್ತಿರದ ಕಳಮಶ್ಶೇರಿಯ ತಂಗಿಯ ಮನೆಯಲ್ಲಿದ್ದು ಆಫೀಸಿಗೆ ಹೋಗುತ್ತಿದ್ದಳು, ಉಳಿದಂತೆ ಹಾಲ್‌ನಲ್ಲೇ ಕೂತು ಕೆಲಸ. ವಾಟ್ಸಾಪಿನ ಸುದ್ದಿ ನೋಡಿ ಸಿಕ್ಕಿದ ರೈಲು ಹತ್ತಿದ್ದ ಅವಳು ಮಧ್ಯಾಹ್ನ ಮನೆಗೆ ಬಂದಳು. ಗಂಡ, ಅತ್ತೆ, ಬೀರು ಎಲ್ಲ ಇದ್ದಲ್ಲೇ ಇರುವುದನ್ನು ಕಂಡು ನಿಟ್ಟುಸಿರು ಬಿಟ್ಟಳು. ಆಮೇಲೆ ಕಿಟಕಿ ನೋಡಿದಳು.

"ಟಾರ್ಪಾಲು ತೆಗೆಸಿದ್ದು ಯಾರು? ಹಿಂದಿನಿಂದ ಅಷ್ಟು ಬೆಳಕು ಬಿದ್ರೆ ವಿಡಿಯೋ ಮೀಟಿಂಗಿನಲ್ಲಿ ನನ್ನ ಮುಖ ಕಪ್ಪು ಕಾಣ್ತದೆ. ಪರದೆ ಹಾಕಿದ್ರೆ ಅತ್ತೆ ತೆಗೀತಾರೆ. ಮತ್ತೆಂತ ಮಾಡುದು ನಾನು?"

ಗುರುಪ್ರಸಾದ್ ಅಮ್ಮನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಈಗ ತೀರ್ಪು ಹೇಳಬೇಕಾದವನು ತಾನೇ ಎಂದು ಹೊಳೆದು ಅವರು ಮೆಲ್ಲಗೆ ಬಾಗಿಲ ಕಡೆ ಸರಿದರು. ಆದರೆ ಯಾರೂ ಅವರನ್ನು ಕೇಳಲಿಲ್ಲ. ಅತ್ತೆ ಸೊಸೆ ಎದುರುಬದುರು ಕೂತು, ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ರಾಜಿಯಾದರು. ಬೆಳಕಿನ ಹಾಲ್ ಅತ್ತೆಗೆ. ಗುರುಪ್ರಸಾದ್ ಓದಲು ಬರೆಯಲು ಇಟ್ಟುಕೊಂಡಿದ್ದ ಕೋಣೆ, ಬಾಗಿಲು ಸಮೇತ, ಹಂಸಾಳ ಮೀಟಿಂಗಿಗೆ.

ಸಂಜೆ ಹಾಲಪ್ಪನವರೂ ಬಂದು ಒಂದು ಕೈ ಹಿಡಿದರು. ಗುರುಪ್ರಸಾದರ ಮೇಜು ಅಡುಗೆಮನೆಯ ಪಕ್ಕದ ಸಾಮಾನು ಕೋಣೆಗೆ ಹೋಯಿತು. ಅಲ್ಲಿ ಕಿಟಕಿಯೇ ಇರಲಿಲ್ಲ. ಅಕ್ಕಿ ಚೀಲಕ್ಕೂ ತೆಂಗಿನಕಾಯಿ ರಾಶಿಗೂ ನಡುವೆ ಕುರ್ಚಿ ಹಾಕಿ, ಲೈಟು ಹೊತ್ತಿಸಿ, ಯಾರ ಪಕ್ಷವನ್ನೂ ವಹಿಸದೆ ಪಾರಾದೆನಲ್ಲ ಎಂಬ ನೆಮ್ಮದಿಯಲ್ಲಿ ಅವರು ಕಾಲು ಚಾಚಿದರು. ತೆಂಗಿನಕಾಯಿಗಳು ಒಂದೊಂದಾಗಿ ಉರುಳಿದವು.