ಯಾರೂ ಹೇಳದ ವ್ಯಾಖ್ಯಾನ

ಚರ್ಚಿನ ಹೊಸ ಉಪದೇಶಿಯ ಬೆಳಗಿನ ಪ್ರಸಂಗದಲ್ಲಿ ಮೊದಲು ಗೊರಕೆ ಹೊಡೆದವರು ಸಭೆಯ ಹಿರಿಯರು. ಆರಾಧನೆ ಮುಗಿದ ಮೇಲೆ ಸಿಟ್ಟಾದವರೂ ಅವರೇ.

"ಉಪದೇಶಿಗಳೇ, ಸಂಜೇನೂ ಜನ ಹೀಗೇ ನಿದ್ದೆ ಹೊಡೆದ್ರೆ ಕೆಲಸ ಖಾಯಂ ಆಗೋ ಆಸೆ ಬಿಟ್ಟುಬಿಡಿ. ಒಂದು ಒಳ್ಳೇ ಬೈಬಲ್ ವ್ಯಾಖ್ಯಾನ ನೋಡ್ಕೊಂಡು ಬನ್ನಿ. ನಮ್ಮನೇಲಿ ಹನ್ನೆರಡು ಸಂಪುಟದ್ದಿದೆ, ಕಳಿಸ್ತೀನಿ."

ಹನ್ನೆರಡೂ ಬಂದವು. ಒಂದರ ಹಾಳೆಯೂ ಮಡಿಚಿರಲಿಲ್ಲ, ಅಷ್ಟು ಭಕ್ತಿಯಿಂದ ಕಾಪಾಡಿದ್ದರು ಪುಣ್ಯಾತ್ಮರು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಗಾಯನ ತಂಡದ ಮೇಡಂ ಓಡಿ ಬಂದರು. "ನನ್ನದು ತಗೊಳ್ಳಿ, ಪುಟಪುಟಕ್ಕೂ ಅಳು ಬರುತ್ತೆ!"

ಹಿಂದೆಯೇ ಬಂದ ಸಂಡೇ ಸ್ಕೂಲ್ ಮೇಷ್ಟ್ರು ಮೂಗು ಮುರಿದರು. "ಅಳಿಸೋದಕ್ಕೆ ಪ್ರಸಂಗ ಬೇಕಾ? ಗ್ರೀಕ್ ಇರೋದು ಹಿಡೀರಿ."

"ನನಗೆ ಗ್ರೀಕ್ ಬರಲ್ವಲ್ಲ ಮೇಷ್ಟ್ರೇ?"

"ಕೇಳೋರಿಗೂ ಬರಲ್ಲ. ಅದೇ ಅನುಕೂಲ."

ಮಧ್ಯಾಹ್ನ ಮೇಜಿನ ಮೇಲೆ ಜಾಗವಿಲ್ಲದೆ ಹೆಂಡತಿ ಊಟದ ತಟ್ಟೆಯನ್ನು ಏಳನೇ ಸಂಪುಟದ ಮೇಲಿಟ್ಟಳು. "ರೀ, ಒಬ್ಬರ ಪುಸ್ತಕ ಹಿಡಿದ್ರೆ ಇನ್ನಿಬ್ಬರು ಮುನಿಸ್ಕೋತಾರೆ. ನೋಡ್ಕೊಳ್ಳಿ."

ಆಗ ಉಪದೇಶಿಗೆ ಬುದ್ಧಿ ಬೆಳಗಿತು. ಯಾರೂ ಹೇಳದ ವ್ಯಾಖ್ಯಾನವೇ ಸರಿ! ಯಾರೂ ಹೇಳಿಲ್ಲ ಎಂದರೆ ಯಾರೂ ಓದಿಲ್ಲ. ಓದಿಲ್ಲ ಎಂದರೆ ಕದ್ದದ್ದೂ ಗೊತ್ತಾಗುವುದಿಲ್ಲ. ಇಂಥ ತರ್ಕ ಎಲ್ಲರಿಗೂ ಹೊಳೆಯುವುದಿಲ್ಲ ಬಿಡಿ.

ಹಳೇ ಪುಸ್ತಕದಂಗಡಿಯವನು ಧೂಳು ಕೊಡವಿ, ರಟ್ಟು ಕಿತ್ತುಹೋದ ಒಂದು ವ್ಯಾಖ್ಯಾನವನ್ನು ಕೊಟ್ಟ. "ಯಾರೋ ಅಜ್ಜ ತೂಕಕ್ಕೆ ಹಾಕಿ ಹೋದ್ರು. ಆಮೇಲೆ ನೊಣಾನೂ ಮೂಸಿಲ್ಲ."

ಸಂಜೆ ಉಪದೇಶಿ ಅದನ್ನು ಪೀಠದ ಮೇಲೆ ಬಿಚ್ಚಿಟ್ಟು, ಒಂದಕ್ಷರ ಬಿಡದೆ ಹೇಳತೊಡಗಿದ. ಮೊದಲ ಮಾತಿಗೇ ತಲೆಗಳು ಎದ್ದವು. ಹಿರಿಯರು ನೆಟ್ಟಗೆ ಕೂತರು. ದೋಣಿಯಲ್ಲಿ ಕೊಡೆ ಬಿಚ್ಚಿದ ಮುದುಕಿಯ ಕತೆ ಬಂತು.

"ಆಗ ಆ ಮುದುಕಿ ಏನಂದ್ಲು ಗೊತ್ತಾ?"

ಇಡೀ ಸಭೆ ಒಂದೇ ದನಿಯಲ್ಲಿ ಕೂಗಿತು: "ದೋಣಿ ಸೋರ್ತಿದೆ ಅಂದ್ಯಲ್ಲ, ಅದಕ್ಕೇ ಕೊಡೆ ಬಿಚ್ಚಿದೆ ಮಗನೇ!"

ಉಪದೇಶಿಗೆ ರೋಮಾಂಚನವಾಯಿತು. ಅಬ್ಬಾ, ಎಂಥ ಚುರುಕು ಜನ!

ಮುಗಿದೊಡನೆ ಹಿರಿಯರತ್ತ ಓಡಿದ. "ಒಬ್ಬರೂ ನಿದ್ದೆ ಮಾಡ್ಲಿಲ್ಲ ಅಲ್ವಾ?"

"ಮಾಡೋದು ಹೇಗ್ರೀ? ರಿಟೈರ್ ಆದ ನಮ್ಮ ಹಳೇ ಪಾದ್ರಿ ಅಯ್ಯನವರ ಸ್ವಂತ ಪ್ರಸಂಗ ಅದು! ಅವರು ಇಷ್ಟು ವರ್ಷ ಹೇಳಿ ಹೇಳಿ ನಮಗೆಲ್ಲಾ ಬಾಯಿಪಾಠ ಆಗಿದೆ. ನಾಚಿಕೆ ಆಗಲ್ವಾ, ಮುಂದಿನ ಸಾಲಲ್ಲೇ ಕೂತಿದ್ದ ಅವರೆದುರಿಗೇ ಕದ್ದು ಹೇಳೋಕೆ? ನಾಳೆಯಿಂದ ನೀವು ಬೇಡ. ಅವರನ್ನೇ ಕೈಕಾಲು ಹಿಡಿದು ವಾಪಸ್ ಕರೀತೀವಿ."

"ಅಯ್ಯೋ, ಅದು ಅವರ ಸ್ವಂತದ್ದಲ್ಲ! ಪುಸ್ತಕದಲ್ಲಿದೆ, ಬನ್ನಿ ತೋರಿಸ್ತೀನಿ!"

ಹಿರಿಯರ ಕೈ ಹಿಡಿದು ಎಳೆದುಕೊಂಡು ಹೋದ. ಪೀಠ ಖಾಲಿಯಾಗಿತ್ತು, ಪುಸ್ತಕವೇ ಇರಲಿಲ್ಲ.

ಪಕ್ಕದಲ್ಲಿ ಹಳೇ ಅಯ್ಯನವರು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಎಡಗೈಯನ್ನು ಪಕ್ಕೆಗೆ ಬಿಗಿಯಾಗಿ ಒತ್ತಿ ನಿಂತಿದ್ದರು. ಬಲಗೈಯಿಂದ ಉಪದೇಶಿಯ ಬೆನ್ನು ತಟ್ಟಿದರು.

"ಚೆನ್ನಾಗಿ ಹೇಳಿದ್ರಿ ಮರಿ. ಆದ್ರೆ ಮುದುಕಿ ಮಾತಿಗೆ ಮುಂಚೆ ಒಂದ್ಸಲ ಕೆಮ್ಮಬೇಕಿತ್ತು."