ಕರುವಿನ ಮೇಲೆ ಹೊರಿಸಿದ ಗಜಕರ್ಣ

ಯಾವ ರೋಗ ಬಂದರೂ ಮನುಷ್ಯ ಒಂದಿಷ್ಟು ಗಾಂಭೀರ್ಯ ಉಳಿಸಿಕೊಳ್ಳಬಹುದು; ತುರಿಕೆಯೊಂದು ಬರಬಾರದು. ಜ್ವರ ಬಂದವನನ್ನು ನಾಲ್ಕು ಜನ ಹಣ್ಣು ಹಿಡಿದು ನೋಡಲು ಬರುತ್ತಾರೆ. ತುರಿಸಿಕೊಳ್ಳುವವನನ್ನು ಕಂಡರೆ ಸಿರುಗುಪ್ಪ ಬಸ್ಸಿನಲ್ಲಿ ಪಕ್ಕದವನು ಸೀಟು ಬಿಟ್ಟು ಬಳ್ಳಾರಿವರೆಗೂ ನಿಂತೇ ಬರುತ್ತಾನೆ.

ನಾನು ದನದ ದಲ್ಲಾಳಿ. ಸಾಲಿ ಬಿಟ್ಟದ್ದು ಏಳನೆಯ ತರಗತಿಗೆ. ಉಳಿದ ವಿದ್ಯೆಯನ್ನೆಲ್ಲ ಎತ್ತಿನ ಹಲ್ಲು ನೋಡುತ್ತಾ ಕಲಿತೆ. ಸಲಹೆ ಕೊಡುವುದರಲ್ಲಂತೂ ನಾನು ಜಿಪುಣನಲ್ಲ. ಹೀಗಾಗಿ ಮುಂಗೈ ಮೇಲೆ ಉಂಗುರದಂತೆ ಗಜಕರ್ಣ ಎದ್ದಾಗ ನನಗೆ ನಾನೇ ವೈದ್ಯನಾಗಿ, ಔಷಧಿ ಅಂಗಡಿಯಿಂದ ಒಂದು ಟ್ಯೂಬು ತಂದು ಬಳಿದೆ. ನಾಲ್ಕು ದಿನ ಮಾಯ. ಐದನೆಯ ದಿನ ಸೊಂಟದ ಸುತ್ತ ಹಾಜರು. ಕೂತರೆ ತುರಿಕೆ, ನಿಂತರೆ ತುರಿಕೆ, ಉಣ್ಣುವಾಗ ಎಡಗೈಗೆ ಬೇರೆ ಕೆಲಸವೇ ಇಲ್ಲ.

ಅದನ್ನಾದರೂ ಸಹಿಸುತ್ತಿದ್ದೆ. ಆದರೆ ಕುರುಗೋಡಿನಲ್ಲಿರುವ ಮಗಳು ಸವಿತಾ ಎಂಟು ತಿಂಗಳ ಮೊಮ್ಮಗನನ್ನು ನನ್ನ ಕೈಗೆ ಕೊಡುವುದನ್ನೇ ನಿಲ್ಲಿಸಿದಳು. "ಅಪ್ಪಾ, ಅದು ಹೋಗೋತನಕ ಕೂಸಿನ್ನ ಮುಟ್ಟಬ್ಯಾಡ" ಎಂದಳು. ನನಗೆ ತಕ್ಷಣ ಒಬ್ಬ ಅಪರಾಧಿ ಬೇಕಾಯಿತು. ಅವರ ಅಂಗಳದಲ್ಲಿ ಕರುವೊಂದು ಕಟ್ಟಿತ್ತು. ಹೋದಾಗಲೆಲ್ಲ ಅದರ ಕೊರಳಡಿ ಜೋಲುವ ಗಂಗೆದೊಗಲು ಸವರುತ್ತಿದ್ದೆ. "ಇದು ಕರೂನಿಂದ ಬಂದೈತಿ. ಕೊಟ್ಟು ಬಿಡ್ರಿ, ಗಿರಾಕಿ ನಾನ ತರ್ತೀನಿ" ಎಂದೆ.

ಬೀಗಿತ್ತಿ ಬಸಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಬಬಬಾ! ತುರಿಸ್ಕೊಂತನೂ ದಲ್ಲಾಳಿತನ ಬಿಡಂಗಿಲ್ಲ ನೋಡ್ರಿ. ಅದರ ಮೈಮ್ಯಾಲ ಒಂದು ಚುಕ್ಕಿ ತೋರಸ್ರಿ, ಇವತ್ತ ಹಗ್ಗ ಬಿಚ್ಚತೀನಿ."

ಕರುವನ್ನು ಸಿಕ್ಕಿಸಲೆಂದೇ ಬಳ್ಳಾರಿಯ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಮೊದಲು ನನ್ನ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದಳು. "ಇದು ಒಂದು ನಮೂನಿ ಬೂಷ್ಟು. ದನದಿಂದ ಬರೋ ಜಾತಿನೂ ಐತಿ, ಮನುಷ್ಯಾರದ್ದೂ ಐತಿ. ಈ ಟ್ಯೂಬು ಹಚ್ಚಿ ಹಚ್ಚಿ ಕಣ್ಣಿಗೆ ಗುರುತ ಸಿಗದಂಗ ಮಾಡೀರಿ. ಚರ್ಮ ಕೆರೆದು ಲ್ಯಾಬಿಗೆ ಕಳಸ್ತೀನಿ. ಬೆಳೆಸಿ ನೋಡಾಕ ವಾರಗಟ್ಟಲೆ ಬೇಕು. ಪಿಸಿಆರ್ ಮಾಡಿದ್ರ ಅದರ ಡಿಎನ್‌ಎ ಹಿಡಿದು ಎರಡು ಮೂರು ದಿನದಾಗ ಜಾತಿ ಹೇಳ್ತಾರ."

"ಕೊರೊನಾದಾಗ ಮೂಗಿನಾಗ ಕಡ್ಡಿ ಹಾಕಿದ್ರಲ್ಲ, ಅದೇನ್ರೀ?"

"ಅದರ ತಮ್ಮ ಅನ್ಕೊಳ್ರಿ. ಒಂದು ವಾರ ಏನೂ ಹಚ್ಚದ ಬರ್ರಿ, ಆಮ್ಯಾಲ ಕೆರೀತೀನಿ."

ಆ ವಾರ ನಾನು ಒಂದು ಕಡೆ ಕೂತಿದ್ದನ್ನು ಕಂಡವರಿಲ್ಲ. ಆದರೆ ವಾರ ಕಳೆದು ಹೊರಡುವ ಬೆಳಿಗ್ಗೆ ವೃತ್ತಿಬುದ್ಧಿ ಕೈಕೊಟ್ಟಿತು. ಸಂತೆಗೆ ಹೋಗುವ ಎತ್ತನ್ನು ಯಾರಾದರೂ ಹಾಗೇ ಹೊಡೆದುಕೊಂಡು ಹೋಗುತ್ತಾರೆಯೇ? ಮೈ ತಿಕ್ಕಿ, ಕೊಂಬಿಗೆ ಎಣ್ಣೆ ಸವರಿ ತಾನೇ? ನಾನೂ ಗಜಕರ್ಣವನ್ನು ಕಲ್ಲಿನಿಂದ ಚೆನ್ನಾಗಿ ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿ, ಮಿರಮಿರ ಮಿಂಚಿಸಿಕೊಂಡು ಹೋದೆ.

"ಇದೇನು, ಮದುವಿಗೆ ಹೊಂಟೀರೇನು?" ಎಂದು ಡಾಕ್ಟರಮ್ಮ ತಲೆ ಚಚ್ಚಿಕೊಂಡಳು. ಎಣ್ಣೆಯನ್ನೆಲ್ಲ ಒರೆಸಿ, ಅಂಚು ಹುಡುಕಿ ಕೆರೆದಳು. "ಪುಣ್ಯಾಕ್ಕ, ಚೂರು ಉಳಿದಿದ್ರೂ ಹಿಡಿಯೋ ಟೆಸ್ಟ್ ಇದು."

ಹಿಡಿಯಿತು. ಮೂರನೆಯ ದಿನ ವರದಿ ಬಂತು: ಮನುಷ್ಯರಿಂದ ಮನುಷ್ಯರಿಗೆ ಹರಡುವ ಜಾತಿ. ಕರು ನಿರಪರಾಧಿ. "ಟವೆಲ್ಲು ಯಾರ ಜೊತಿ ಹಂಚ್ಕೊಂತೀರಿ?" ಎಂದು ಕೇಳಿದಳು. ನನ್ನ ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ನಮ್ಮ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಕೈ ಕೈ ಹಿಡಿದು ಬೆರಳು ಒತ್ತಿ ಹೇಳುತ್ತೇವೆ. ಬಾದನಹಟ್ಟಿಯಿಂದ ಕುಡತಿನಿವರೆಗೆ ಎಷ್ಟು ಕೈ ಅದರೊಳಗೆ ಹೊಕ್ಕು ಬಂದಿದ್ದವೋ! ಅವರಲ್ಲಿ ಯಾರಾದರೂ ತುರಿಸಿಕೊಂಡರೆ ಅದೇ ಟ್ಯೂಬಿನ ಹೆಸರು ಹೇಳುತ್ತಿದ್ದವನೂ ನಾನೇ.

"ಆರು ವಾರ ಔಷಧಿ" ಎಂದಳು.

"ಮೂರಕ್ಕ ಮುಗಸ್ರಿ."

"ನನ್ನ ಜೊತಿ ಚೌಕಾಸಿ ಮಾಡಬಹುದು. ಬೂಷ್ಟು ಕೇಳಂಗಿಲ್ಲ."

ತಪ್ಪೊಪ್ಪಿಕೊಳ್ಳಲು ಸೀದಾ ಕುರುಗೋಡಿಗೆ ಹೋದೆ. ವರದಿ ಓದಿ ಹೇಳಿದ್ದೇ ತಡ, ಬಸಮ್ಮ ಎದ್ದು ಕರುವನ್ನು ಬಿಚ್ಚಿ ಆಚೆ ಮೂಲೆಗೆ ಕಟ್ಟಿದಳು. "ಬೀಗರ, ದೂರ ನಿಂದರ್ರಿ. ಪಾಪ, ನಿಮ್ಮದು ಇದಕ್ಕ ಹತ್ತೀತು." ಸವಿತಾ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡಳು. ಅವಳ ಕಂಕುಳಲ್ಲಿದ್ದ ಕೂಸು ನನ್ನ ಕಡೆ ಬಗ್ಗಿ ಎರಡೂ ಕೈ ಚಾಚಿತು. ಎದುರಿನವರು ಚೌಕಾಸಿಯಿಲ್ಲದೆ ಇಷ್ಟು ಪೂರ್ತಿಯಾಗಿ ಒಪ್ಪಿಕೊಂಡದ್ದನ್ನು ನಾನು ಯಾವ ಸಂತೆಯಲ್ಲೂ ಕಂಡಿಲ್ಲ. ಆದರೂ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ನೋಡಿದವರಿಗೆ ಅದು ಅಜ್ಜನ ಸಂಯಮದಂತೆ ಕಂಡಿರಬೇಕು. ನನಗೆ ಸೊಂಟ ತುರಿಸಿಕೊಳ್ಳಲೂ ಅನುಕೂಲವಾಯಿತು.